ನೆಟ್ಟಗಿನ ದಾರಿ ಬಂದ ದಿನ

ನಮ್ಮೂರಿನಲ್ಲಿ ಬೆಳಿಗ್ಗೆ ಬಾಗಿಲು ತೆಗೆದವರು ಮೊದಲು ನೋಡುವುದು ಸೂರ್ಯನನ್ನಲ್ಲ, ದಾರಿಯನ್ನು. ರಾತ್ರಿ ಮಲಗುವಾಗ ಮನೆ ಮುಂದೆ ಇದ್ದ ದಾರಿ ಬೆಳಗಾಗುವಷ್ಟರಲ್ಲಿ ಎದ್ದು ಎಲ್ಲಿಗೋ ಹೋಗಿರುತ್ತದೆ. ಅದರ ಜಾಗದಲ್ಲಿ ಇನ್ನೊಂದು ಬಂದು ಬಿದ್ದುಕೊಂಡಿರುತ್ತದೆ. ಮನೆಗಳು ಮಾತ್ರ ಇದ್ದಲ್ಲೇ ಇರುತ್ತವೆ. ನಿನ್ನೆ ಸಂತೆಗೆ ಹೋದ ದಾರಿ ಇವತ್ತು ಕುಂಬಾರರ ಆವಿಗೆಗೆ ಹೋಗುತ್ತದೆ, ನಾಳೆ ಯಾರದೋ ಹಿತ್ತಲಿಗೆ ಹೋಗಿ ಎಮ್ಮೆಯ ಮುಂದೆ ನಿಲ್ಲುತ್ತದೆ. ಹಾಗಂತ ನಮ್ಮ ಬದುಕೇನೂ ನಿಂತಿಲ್ಲ. ಮಕ್ಕಳು ದಾರಿ ಯಾವ ಶಾಲೆಗೆ ಹೋಗುತ್ತದೋ ಆ ಶಾಲೆಗೆ ಹೋಗುತ್ತಾರೆ. ನನ್ನ ಮಗಳು ನೀಲಾ ಒಂದು ಶಾಲೆಯಲ್ಲಿ ಆರರ ಮಗ್ಗಿಯವರೆಗೆ ಕಲಿತು, ಮುಂದಿನ ಶಾಲೆಯಲ್ಲಿ ನೇರ ಹನ್ನೊಂದಕ್ಕೆ ಹೋದವಳು. ನಡುವಿನದನ್ನು ಈಗಲೂ ಬೆರಳು ಮಡಿಚಿಯೇ ಎಣಿಸುತ್ತಾಳೆ. ನನ್ನ ಯಜಮಾನರು ಪಂಪಾಪತಿ ಕೂಡ ನನ್ನನ್ನು ನೋಡಲು ಬಂದವರಲ್ಲ. ಬೇರೆ ಯಾರನ್ನೋ ನೋಡಲು ಹೊರಟವರನ್ನು ದಾರಿ ನಮ್ಮ ಮನೆಗೆ ತಂದು ಬಿಟ್ಟಿತು. ಉಪ್ಪಿಟ್ಟು ತಿಂದರು, ನಾನೂ ನೋಡಲು ಲಕ್ಷಣವಾಗಿದ್ದೆ, ಮಾತು ಮುಗಿಯಿತು.

ಕತ್ತಲಾಗುವ ಮುಂಚೆ ಬಂದ ದಾರಿಯಲ್ಲೇ ವಾಪಸಾಗದವರು ಹೋದಲ್ಲೇ ಉಳಿಯಬೇಕು, ಮತ್ತೆ ತಮ್ಮ ಮನೆಯ ದಾರಿ ಅಲ್ಲಿಗೆ ಬರುವವರೆಗೆ. ನನ್ನ ಸೋದರಮಾವ ಕ್ಷೌರಕ್ಕೆಂದು ಹೋಗಿ ಹರಟೆಯಲ್ಲಿ ಹೊತ್ತು ಮರೆತು, ಮನೆ ಸೇರುವಷ್ಟರಲ್ಲಿ ಅವರ ತಲೆ ಮತ್ತೆ ಕ್ಷೌರಕ್ಕೆ ಬಂದಿತ್ತು. ಅದಕ್ಕೇ ಪ್ರತಿ ಮನೆಯ ಬಾಗಿಲ ಪಕ್ಕದಲ್ಲೂ ಒಂದು ಚೀಲ ತುಂಬಿಟ್ಟಿರುತ್ತದೆ. ಬೇಕಾದವರ ಮನೆಯ ದಾರಿ ಬಂದರೆ ಚೀಲ ಎತ್ತಿಕೊಂಡು ಹೊರಡುವುದೇ. ದಾರಿ ತಂದವರು, ಅಂದರೆ ದಾರಿ ಹಿಡಿದು ಬಾಗಿಲಿಗೆ ಬಂದವರು, ಯಾರೇ ಇರಲಿ, ಅವರ ಹೊಟ್ಟೆಗೆ ಏನಾದರೂ ಹಾಕುವ ಮುಂಚೆ ಹೆಸರು, ಊರುಕೇರಿ ಕೇಳುವ ಹಾಗಿಲ್ಲ. ಇನ್ನೊಂದು ಪದ್ಧತಿ, ದಾರಿ ನೋಡುವ ಸರದಿ. ನಮ್ಮ ಸಾಲಿನ ಮನೆಗಳಲ್ಲಿ ದಿನಕ್ಕೊಬ್ಬರು ನಸುಕಿನಲ್ಲೇ ಎದ್ದು, ಬಂದಿರುವ ದಾರಿಯನ್ನು ಕೊನೆಯ ತನಕ ನಡೆದು ನೋಡಿ, ಬಂದು ಬಾಗಿಲು ಬಾಗಿಲಿಗೆ ಹೇಳಬೇಕು. ಎಂಥ ಜ್ವರ ಇದ್ದರೂ ಈ ಸರದಿಯನ್ನು ಯಾರೂ ತಪ್ಪಿಸಿದ್ದಿಲ್ಲ.

ನನಗೆ ಒಬ್ಬಳೇ ಅಕ್ಕ, ದಾಕ್ಷಾಯಣಿ. ನನಗಿಂತ ಮೊದಲು ಅವಳ ಮದುವೆಯಾಯಿತು. ಅವಳನ್ನು ಕರೆದುಕೊಂಡು ಹೋದ ದಾರಿ ಆಮೇಲೆ ನಮ್ಮ ತವರಿನ ಬಾಗಿಲಿಗೂ ಬರಲಿಲ್ಲ, ನನ್ನ ಮದುವೆಯಾದ ಮೇಲೆ ಈ ಮನೆಯ ಬಾಗಿಲಿಗೂ ಬರಲಿಲ್ಲ. ಊರಿನಲ್ಲಿ ಇರುವ ಬರುವ ದಾರಿಗಳೆಲ್ಲ ಬಂದು ಹೋದವು. ಬೆಂಕಿಪೊಟ್ಟಣ ಮಾರುವವನ ಮನೆಯ ದಾರಿ ತಿಂಗಳಿಗೊಮ್ಮೆ ತಪ್ಪದೆ ಬರುತ್ತಿತ್ತು. ಅವನ ಮನೆಯಲ್ಲಿ ನನಗೆ ಯಾರ ಮುಖವೂ ಬೇಕಾಗಿರಲಿಲ್ಲ. ಅಕ್ಕ ದಾರಿ ತಂದವರ ಕೈಯಲ್ಲಿ ಮಾತು ಹೇಳಿ ಕಳಿಸುತ್ತಿದ್ದಳು. ಎಷ್ಟೋ ಬಾಯಿ ದಾಟಿ ನನ್ನ ಜಗಲಿಗೆ ಬರುವಷ್ಟರಲ್ಲಿ ಅದರಲ್ಲಿ ಹೆಚ್ಚಿನ ಸಲ ಉಳಿಯುತ್ತಿದ್ದದ್ದು "ನಿಮ್ಮಕ್ಕ ಕೇಳಿದ್ರು" ಅನ್ನುವುದಷ್ಟೇ. ಏನು ಕೇಳಿದಳು ಅಂದರೆ ತಂದವರಿಗೆ ಗೊತ್ತಿರುತ್ತಿರಲಿಲ್ಲ. ನನಗೆ ಅವಳ ಮಾತಲ್ಲ, ಅವಳೇ ಬೇಕಾಗಿತ್ತು. ಎದುರಿಗೆ ಕೂತು ನನ್ನ ಅಡುಗೆಗೆ ಹೆಸರಿಡುವ ಅಕ್ಕ ಬೇಕಾಗಿತ್ತು. ದಿನಾ ಬೆಳಿಗ್ಗೆ ಬಾಗಿಲು ತೆಗೆದು, ಸರದಿಯವರು ವಾಪಸು ಬಂದು ಹೇಳುವುದನ್ನು ಕೇಳಿ, ಒಳಗೆ ಹೋಗಿ ಒಲೆ ಹಚ್ಚುವಾಗ ನನ್ನ ಮುಖ ಹೇಗಿರುತ್ತಿತ್ತೋ ನನಗೆ ಗೊತ್ತಿಲ್ಲ. ಇವರು ನೋಡುತ್ತಿದ್ದರು.

ಇವರದು ಹಿಟ್ಟಿನ ಗಿರಣಿ. ಒಂದು ದಿನ ಗಿರಣಿ ನಿಲ್ಲಿಸಿ ಒಳಗೆ ಬಂದವರು, ಮೈಯೆಲ್ಲ ಹಿಟ್ಟು, ಕಣ್ಣು ಮಾತ್ರ ಕಾಣುತ್ತಿದ್ದವು, ಹೇಳಿದರು: "ಮಂಗಳಾ, ನೆಲದ ಮೇಲಿನ ದಾರಿ ನಂಬಿಕೊಂಡು ಕೂತ್ರೆ ಆಗಲ್ಲ. ಆಕಾಶದಲ್ಲಿ ದಾರಿನೇ ಇಲ್ಲ. ಇಲ್ಲದ್ದು ಬದಲಾಗೋದಾದ್ರೂ ಹೆಂಗೆ ಹೇಳು." ನಾನು ಬಿಸಿಲಿಗೆ ಹೀಗಾಗಿರಬೇಕು ಅಂತ ಮಜ್ಜಿಗೆ ಕೊಟ್ಟೆ. ಕುಡಿದು, ಹಿತ್ತಲಿಗೆ ಹೋಗಿ ಬಿದಿರು ಸೀಳಲು ಕೂತರು.

ವಿಮಾನ ಕಟ್ಟುವುದು ಮದುವೆ ಮಾಡಿದ ಹಾಗೆ. ಹೊರಟ ಮೇಲೆ ಒಂದೊಂದೇ ಬೇಕಾಗುತ್ತದೆ. ಬಿದಿರಿನ ಮೈ ಆಯಿತು, ಸೈಕಲ್ಲಿನ ಗಾಲಿ ಆಯಿತು, ಕೂರಲು ಹಿಂದೊಂದು ಮುಂದೊಂದು ಬೆತ್ತದ ಕುರ್ಚಿ ಆಯಿತು. ರೆಕ್ಕೆಗೆ ಬಟ್ಟೆ ಬೇಕಾದಾಗ ನಾನು ಅವ್ವನ ಪೆಟ್ಟಿಗೆ ತೆಗೆದೆ. ಅವ್ವ ತೀರಿಕೊಂಡ ಮೇಲೆ ಅವಳ ನೂಲಿನ ಸೀರೆಗಳೆಲ್ಲ ನನ್ನ ಹತ್ತಿರವೇ ಇದ್ದವು. ಅವನ್ನು ಜೋಡಿಸಿ ಹೊಲಿದೆ, ಎಡ ರೆಕ್ಕೆಯ ಕೆಳಗೆ ಅವಳು ದಿನಾ ಉಡುತ್ತಿದ್ದ ಹಸಿರು ಚೌಕಳಿ ಸೀರೆ ಬಂತು. ಬಿಗಿಯಾಗಿ ನಿಲ್ಲಲಿ ಅಂತ ಗಟ್ಟಿ ಗಂಜಿ ಹಾಕಿ ಒಣಗಿಸಿದೆ. ರೆಕ್ಕೆ ತಟ್ಟಿದರೆ ತಮಟೆಯ ಸದ್ದು ಬರುತ್ತಿತ್ತು. ಕೊನೆಗೆ ಇವರು ಗಿರಣಿಯ ಇಂಜಿನ್ನನ್ನೇ ಬಿಚ್ಚಿ ಮುಂದಕ್ಕೆ ಕಟ್ಟಿದಾಗ ಸಾಲಿನವರೆಲ್ಲ ಗಾಬರಿಯಾದರು. ಪಕ್ಕದ ಮನೆಯ ಹಾಲಮ್ಮ ಜೋಳದ ಚೀಲ ಸೊಂಟಕ್ಕಿಟ್ಟುಕೊಂಡು ಬಂದು, "ಪಂಪಣ್ಣ, ನೀನು ಹಾರು, ಬ್ಯಾಡ ಅನ್ನಲ್ಲ. ಆದ್ರೆ ನಮಗೆ ರೊಟ್ಟಿಗೆ ಹಿಟ್ಟು ಮೇಲಿಂದ ಉದುರಿಸ್ತೀಯೇನು" ಎಂದಳು. ಇವರು ಆ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡು ಒಂದು ದಿನ ಯೋಚಿಸಿದರು.

ವಿಮಾನ ಮುಗಿಯಿತು, ಹಾರಲಿಲ್ಲ. ಓಡಿ ಮೇಲೇಳಲು ಉದ್ದಕ್ಕೆ ನೆಟ್ಟಗಿರುವ ದಾರಿ ಬೇಕು. ನಮಗೆ ಬರುತ್ತಿದ್ದವೆಲ್ಲ ಹಾವಿನ ಹಾಗೆ ಸುತ್ತಿದ ದಾರಿಗಳು. ಮಳೆಗಾಲ ಹೋಯಿತು, ಚಳಿ ಹೋಯಿತು. ಗಂಜಿಯ ಆಸೆಗೆ ಇಲಿಗಳು ರೆಕ್ಕೆ ಕಡಿದವು, ನಾನು ಹೊಲಿದೆ. ಸಾಲಿನಲ್ಲಿ ಯಾರಾದರೂ ಕೆಲಸ ಮುಂದೂಡಿದರೆ "ನೆಟ್ಟಗಿನ ದಾರಿ ಬರಲಿ ಅಂತ ಕಾಯ್ತಿದ್ದೀಯೇನು" ಎಂದು ಕೇಳುವುದು ರೂಢಿಯಾಯಿತು. ಇವರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಬಾಗಿಲು ತೆಗೆದವರು ಇವರು. ತೆಗೆದವರು ಹಾಗೇ ನಿಂತರು. ನಾನು ಬಂದು ಹೆಗಲ ಮೇಲಿಂದ ನೋಡಿದೆ. ಬಾಗಿಲಿನಿಂದ ಶುರುವಾಗಿ ಕಣ್ಣು ಹೋಗುವವರೆಗೆ, ದಾರ ಹಿಡಿದು ಎಳೆದಂತೆ, ಒಂದು ದಾರಿ. ಒಂದು ಕಲ್ಲಿಲ್ಲ, ಒಂದು ಕೊಂಕಿಲ್ಲ. ಇವರು ಅಲ್ಲಿಂದ ಓಡಿದ್ದು ಹಿತ್ತಲಿಗೆ. ಗಳಿಗೆಯಲ್ಲಿ ಸಾಲೆಲ್ಲ ಎದ್ದಿತು. ಗಂಡಸರು ವಿಮಾನವನ್ನು ತಳ್ಳಿ ತಂದರು, ಹೆಂಗಸರು ದಾರಿಯ ಮೇಲಿನ ಕೋಳಿಗಳನ್ನು ಓಡಿಸಿದರು. ನಾನು ರೊಟ್ಟಿ, ಚಟ್ನಿಪುಡಿ, ಮೊಸರು ಬುತ್ತಿ ಕಟ್ಟಿ ಜಗಲಿಯ ಮೇಲಿಟ್ಟು, ಬಾಗಿಲ ಪಕ್ಕದ ಚೀಲ ಎತ್ತಿಕೊಂಡೆ. ಗಿರಣಿಯ ಬೆಲ್ಟಿನಿಂದ ನನ್ನನ್ನು ಕುರ್ಚಿಗೆ ಕಟ್ಟಿದರು. ಹಾಲಮ್ಮ ಹತ್ತಿರ ಬಂದು ನನ್ನ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, "ಮೇಲೆ ಹೋದ್ಮೇಲೆ ಹಾರೋದು ನೀವಿಬ್ರೇ ಆಗಿರಲಿ ಕಣವ್ವ, ಇದೂ ಬ್ಯಾಡ" ಎಂದಳು. ಇಂಜಿನ್ನು ಕೆಮ್ಮಿತು, ಒಳಗೆಲ್ಲೋ ಉಳಿದಿದ್ದ ಹಿಟ್ಟನ್ನೆಲ್ಲ ನಮ್ಮ ಮೇಲೆ ಊದಿತು, ಓಡಿತು. ನಾನು ಕಣ್ಣು ಮುಚ್ಚಿದೆ. ಬೆನ್ನ ಕೆಳಗಿನ ಗಡಗಡ ಒಮ್ಮೆಲೇ ನಿಂತಿತು.

ಕಣ್ಣು ಬಿಟ್ಟಾಗ ಊರು ಕೆಳಗಿತ್ತು. ಹುಟ್ಟಿದಾಗಿನಿಂದ ಒಂದು ದಿನಕ್ಕೆ ಒಂದೇ ದಾರಿ ಕಂಡವಳು ನಾನು. ಈಗ ಎಲ್ಲ ದಾರಿಗಳೂ ಒಟ್ಟಿಗೆ ಕಂಡವು, ತಟ್ಟೆಗೆ ಒತ್ತಿದ ಶ್ಯಾವಿಗೆಯ ಹಾಗೆ, ಯಾವ ಎಳೆ ಎಲ್ಲಿ ಹುಟ್ಟಿ ಎಲ್ಲಿ ಮುಗಿಯುತ್ತದೋ ತಿಳಿಯದಂತೆ. ನಗು ಬಂತು. ಜೋರಾಗಿ ನಕ್ಕೆ. ಇವರು ಹಿಂತಿರುಗಿ ನೋಡಿ, ನಾನು ಅಳುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ತಾವೂ ನಕ್ಕರು. ಮದುವೆಯಾದ ಹೊಸದರಲ್ಲಿ ಕೂಡ ನಾವಿಬ್ಬರೂ ಹಾಗೆ ನಕ್ಕಿರಲಿಲ್ಲ.

"ಹೊಳೆ ಕಡೆ ಹೋಗೋಣ," ಇವರು ಕೂಗಿದರು. "ನಿಮ್ಮಕ್ಕ ಒಂದ್ಸಲ ಬಟ್ಟೆ ಒಗೆಯೋ ಕಲ್ಲಿನ ಮಾತು ಹೇಳಿ ಕಳಿಸಿದ್ಲಲ್ಲ." ಎಡಕ್ಕೆ ವಾಲಿದೆವು. ಹೊಳೆಯ ದಂಡೆಯ ಮನೆಗಳ ಮೇಲೆಲ್ಲ ಸುತ್ತಿದೆವು. ಆಗಲೇ ತಿಳಿದದ್ದು ನಮ್ಮ ದಡ್ಡತನ. ನಮ್ಮೂರಿನಲ್ಲಿ ಮನೆಯ ಗುರುತೆಂದರೆ ಬಾಗಿಲು. ಬಾಗಿಲಿನ ಬಣ್ಣ, ಹೊಸ್ತಿಲ ರಂಗೋಲಿ, ಒಳಗಿನಿಂದ ಬರುವ ಒಗ್ಗರಣೆಯ ವಾಸನೆ. ಮೇಲಿನಿಂದ ನೋಡಿದರೆ ಯಾವ ಮನೆಗೂ ಬಾಗಿಲೇ ಇರಲಿಲ್ಲ, ಬರೀ ಮಾಳಿಗೆ. ಅಕ್ಕನ ಮನೆ ಹಾಗಿರಲಿ, ನೀಲಾ ಓದಿದ ಶಾಲೆಯೇ ಗುರುತು ಸಿಗದೆ, ಅದು ಶಾಲೆಯೋ ಗೋದಾಮೋ ಅಂತ ನಾವಿಬ್ಬರೂ ಗಂಟಲು ಹರಿಯುವಂತೆ ಜಗಳವಾಡಿದೆವು. ಹೊಳೆ ಮುಗಿಯಿತು, ಕೆರೆ ಮುಗಿಯಿತು, ಗುಡ್ಡ ಸುತ್ತಿದೆವು. ಬಿಸಿಲೇರಿತು. ಇವರು ಎಣ್ಣೆಯ ಡಬ್ಬಿ ಅಲ್ಲಾಡಿಸಿ ನೋಡಿದ್ದನ್ನು ನಾನು ನೋಡಿಯೂ ನೋಡದವಳಂತೆ ಕೂತೆ. ಇಷ್ಟು ಮೇಲೆ ಬಂದೂ ಅಕ್ಕನನ್ನು ಕಾಣದೆ ಇಳಿಯುವುದಾದರೆ ಇನ್ನು ಈ ಜನ್ಮಕ್ಕೆ ಇಷ್ಟೇ ಅನ್ನಿಸಿತು.

ಆಗ ಒಂದು ಮಾಳಿಗೆಯ ಮೇಲೆ ಬಿಳಿ ಪಂಚೆ ಹಾಸಿದ್ದು ಕಂಡಿತು. ಅದರ ಮೇಲೆ ರಾಗಿ ಹಪ್ಪಳ ಒಣಹಾಕಿದ್ದರು. ಹಪ್ಪಳ ಒಣಹಾಕಿದ ಮಾಳಿಗೆ ಬೇಕಾದಷ್ಟು ಕಂಡಿದ್ದೆವು, ಎಲ್ಲ ಸಾಲು ಸಾಲು. ಇದು ಮಾತ್ರ ನಡುವಿನಿಂದ ಶುರುವಾಗಿ ಸುತ್ತಿ ಸುತ್ತಿ ಹೊರಗೆ ಬಂದಿತ್ತು. ಚಿಕ್ಕವಳಿದ್ದಾಗ ಅಕ್ಕ ಹೀಗೇ ಹಾಕುತ್ತಿದ್ದಳು. ಸಾಲು ಹಾಕಿದರೆ ಬೇಸರ ಅನ್ನುತ್ತಿದ್ದಳು. ಅವ್ವ ಪ್ರತಿ ಸಲವೂ ಬಯ್ಯುತ್ತಿದ್ದಳು, ನಡುವಿನದನ್ನು ಮಗುಚಿ ಹಾಕಲು ಯಾರು ಹಾರಿಕೊಂಡು ಹೋಗುತ್ತಾರೆ ಅಂತ. "ರೀ, ಅದೇ," ಎಂದೆ. "ಅದೇ ನಮ್ಮಕ್ಕನ ಹಪ್ಪಳ." ಇವರು ಏನೂ ಕೇಳದೆ ವಿಮಾನ ತಗ್ಗಿಸಿದರು.

ಮಾಳಿಗೆಯ ಮೇಲೆ ಒಬ್ಬ ಹೆಂಗಸು ಓಡಿ ಬಂದಳು. ಕೈಯಲ್ಲಿ ಕರಿ ಬಟ್ಟೆ ಕಟ್ಟಿದ ಕೋಲು. ನಮ್ಮನ್ನು ನೋಡಿ ಹೆದರಲಿಲ್ಲ, ಕೋಲು ಬೀಸಿ ಓಡಿಸಲು ನೋಡಿದಳು. ಎಷ್ಟೇ ದೊಡ್ಡದಿದ್ದರೂ ಅವಳಿಗೆ ಹಪ್ಪಳದ ಮೇಲೆ ಹಾರುವುದೆಲ್ಲ ಕಾಗೆಯೇ. ನಾನು "ಅಕ್ಕಾ" ಎಂದು ಕೂಗಿದ್ದು ಇಂಜಿನ್ನಿನ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ. ಇವರು ಇನ್ನೊಂದು ಸುತ್ತು ಬಂದು, ಎಡಕ್ಕೆ ವಾಲಿಸಿದರು. ಎಡ ರೆಕ್ಕೆ ಅವಳ ನೆತ್ತಿಯ ಮೇಲೆ ಹಾಯಿತು. ಕೋಲು ಬೀಸುತ್ತಿದ್ದ ಕೈ ನಿಂತಿತು. ಅವಳು ನನ್ನನ್ನು ನೋಡುತ್ತಿರಲಿಲ್ಲ, ಅವ್ವನ ಹಸಿರು ಚೌಕಳಿ ಸೀರೆಯನ್ನು ನೋಡುತ್ತಿದ್ದಳು. ಆಮೇಲೆ ಕೋಲು ಬಿಸಾಡಿ, ಹಪ್ಪಳ ತುಳಿದುಕೊಂಡು ಮೆಟ್ಟಿಲ ಕಡೆ ಓಡಿದಳು.

"ಇಳಿಯೋಕೆ ನೆಟ್ಟಗಿರೋ ದಾರಿ ಬೇಕಲ್ಲೇ," ಎಂದರು ಇವರು. ನೋಡಿದರೆ ಅಕ್ಕನ ಮನೆಯ ಮುಂದೇ ಒಂದು ನೆಟ್ಟಗಿನ ದಾರಿ. "ನಮ್ಮ ಪುಣ್ಯ ನೋಡಿ," ಎಂದೆ ನಾನು. ಇಳಿಯಲು ಅನುವಾಗಲಿ ಎಂದು ದಾರಿಯ ಆ ಕೊನೆಯವರೆಗೆ ಹೋಗಿ ತಿರುಗಬೇಕಾಗಿತ್ತು. ಹೋದೆವು. ಕೊನೆಯಲ್ಲಿ ಮನೆಗಳ ಒಂದು ಸಾಲು, ಹೊಗೆ ಕೊಳವೆ ಕಿತ್ತ ಒಂದು ಗಿರಣಿ, ಅದರ ಪಕ್ಕದ ಮಾಳಿಗೆಯ ಮೇಲೆ ಕೆಂಪು ಕೌದಿ ಒಣಹಾಕಿತ್ತು. ಕೆಳಗೆ ಜನ ನಮ್ಮ ಕಡೆ ಕೈ ಬೀಸುತ್ತಿದ್ದರು. "ರೀ, ಆ ಕೌದಿ ನಮ್ಮ ಹಾಲಮ್ಮಂದಲ್ವಾ?" ಎಂದೆ. ಇವರು ವಿಮಾನ ತಿರುಗಿಸಿ, ನೇರ ಮಾಡಿ, ಆಮೇಲೆ ಹಿಂದಕ್ಕೆ ತಿರುಗಿ ಕೇಳಿದರು: "ಇವತ್ತು ದಾರಿ ನೋಡೋ ಸರದಿ ಯಾರದು?"

"ನಮ್ದೇ," ಎಂದೆ.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವರ ಗಾದೆ ಕೇಳಿದ್ದೆ. ಆ ಜನ ನಾವೇ ಅಂತ ಗೊತ್ತಿರಲಿಲ್ಲ. ಇಷ್ಟು ವರ್ಷ ಬಾರದ ದಾರಿ ಬೆಳಿಗ್ಗೆ ಬಂದು ಬಾಗಿಲಲ್ಲಿ ಕಾದು ಕೂತಿತ್ತು. ನಾವು ಅದನ್ನು ಓಡಲು ಬಳಸಿಕೊಂಡು ಬಿಟ್ಟು ಹಾರಿದೆವು.

ಇಳಿದಾಗ ಅಕ್ಕನ ಜಗಲಿಯ ಮೇಲೆ ಹಾಲಮ್ಮ ಕೂತಿದ್ದಳು, ಪಕ್ಕದಲ್ಲಿ ನಮ್ಮ ಬುತ್ತಿಯ ಗಂಟು, ಕೈಯಲ್ಲಿ ಮಜ್ಜಿಗೆಯ ಚೊಂಬು. "ಬುತ್ತಿ ಮರ್ತು ಹಾರಿದ್ರಿ," ಎಂದಳು. "ಎಲ್ಲೋ ಮುಂದೆ ಬಿದ್ದಿರ್ತೀರಿ ಅಂತ ದಾರಿ ಹಿಡಿದು ನಡ್ಕೊಂಡು ಬಂದೆ. ಇದೇ ಮನೆಗೆ ಬಂದು ಮುಗೀತು. ಈ ಯಮ್ಮ ಮಜ್ಜಿಗೆ ಕೊಟ್ರು. ಕುಡಿದು ಮುಗಿಸಿ ಹೆಸರು ಹೇಳೋಣ ಅಂತಿದ್ದೆ, ಅಷ್ಟ್ರಲ್ಲಿ ಕಾಗೆ ಬಂತು ಅಂತ ಮೇಲೆ ಓಡಿದ್ರು."

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ದಪ್ಪಗಾಗಿದ್ದಳು, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಹತ್ತಿರ ಬಂದವಳು ಮೊದಲು ರೆಕ್ಕೆ ಮುಟ್ಟಿದಳು. "ಅವ್ವನ ಸೀರೆಗೆ ಇಷ್ಟು ಗಂಜಿ ಯಾರಾದ್ರೂ ಹಾಕ್ತಾರೇನೇ," ಎಂದಳು. "ಗಂಜಿ ಹಾಕೋದೂ ನಾನೇ ಹೇಳಿಕೊಡ್ಬೇಕಿತ್ತಾ ನಿನಗೆ." ಆಮೇಲೆ ಹಿಟ್ಟು ಮೆತ್ತಿದ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಸೆರಗಿನಿಂದ ಒರೆಸುತ್ತ ಒರೆಸುತ್ತ ಅತ್ತಳು. ನಾನೂ ಅತ್ತೆ. ನಮ್ಮಿಬ್ಬರ ನಡುವೆ ಹಿಟ್ಟು ಹದವಾಗಿ ಕಲಸಿಕೊಂಡಿತು.

ಅವಳ ಬಾಗಿಲ ಪಕ್ಕದಲ್ಲೂ ಒಂದು ಚೀಲ ಇತ್ತು, ನನಗಾಗಿ ತುಂಬಿಟ್ಟದ್ದು. ಅದರಲ್ಲಿ ನೀಲಾ ಹುಟ್ಟಿದ ಸುದ್ದಿ ಕೇಳಿದಾಗ ಹೊಲಿದ ಕೆಂಪು ಲಂಗ, ಗೇಣುದ್ದದ್ದು. ನೀಲಾ ಈಗ ನನಗಿಂತ ಎತ್ತರ. ನನ್ನ ಚೀಲದಲ್ಲಿ ಅಕ್ಕನ ಮಗನಿಗೆ ಅಂತ ನಾನು ಹೆಣೆದ ಕುಲಾವಿ. ಮಗ ಕಲ್ಲೇಶ ಒಳಗಿನಿಂದ ಬಂದ, ಇಷ್ಟು ದಪ್ಪ ಮೀಸೆ. ಅವನು ನಮ್ಮಿಬ್ಬರ ಮುಖ ನೋಡಿ, ಬಗ್ಗಿ ನಿಂತು ಕುಲಾವಿ ತಲೆಗೆ ಹಾಕಿಸಿಕೊಂಡ. ಊಟ ಮುಗಿಯುವವರೆಗೂ ತೆಗೆಯಲಿಲ್ಲ. ಅಕ್ಕ ನಮ್ಮ ಬುತ್ತಿಯ ಚಟ್ನಿಪುಡಿ ನಾಲಿಗೆಗೆ ಹಚ್ಚಿ, "ಉಪ್ಪು ಜಾಸ್ತಿ" ಎಂದಳು. ಆ ಮಾತು ಕೇಳಲು ನಾನು ಎಷ್ಟು ಕಾದಿದ್ದೆನೋ ನನಗೆ ಮಾತ್ರ ಗೊತ್ತು.

ಮಾತಾಡಿದೆವು, ಮಾತಾಡಿದೆವು. ಅಷ್ಟು ವರ್ಷ "ನಿಮ್ಮಕ್ಕ ಕೇಳಿದ್ರು" ಅಂತ ಬಂದದ್ದರಲ್ಲಿ ಏನೇನು ಕೇಳಿದ್ದಳು ಅಂತ ಒಂದೊಂದಾಗಿ ಕೇಳಿಸಿಕೊಂಡೆ, ಉತ್ತರ ಹೇಳಿದೆ. ಅಷ್ಟರಲ್ಲಿ ಹೊರಗೆ ಮೇಕೆಯೊಂದು ಗಂಜಿಯ ರುಚಿಗೆ ರೆಕ್ಕೆಯ ತುದಿಯನ್ನು ತಿಂದು ಹಾಕಿತ್ತು. ಭಾವ ಗುರುಸಿದ್ದಪ್ಪನವರು ಛತ್ರಿ ರಿಪೇರಿ ಮಾಡುವವರು. ಸೂಜಿ ತಂದು ಕೂತು, ಅವ್ವನ ಹಸಿರು ಸೀರೆಗೆ ಛತ್ರಿಯ ಕರಿ ಬಟ್ಟೆಯ ತೇಪೆ ಹಾಕತೊಡಗಿದರು.

ಬಿಸಿಲು ಇಳಿಯಿತು. ಹಾಲಮ್ಮ ಎದ್ದು ಸೀರೆ ಕೊಡವಿಕೊಂಡು, "ಹೊರಡಬೇಕವ್ವ, ದಾರಿ ಇರೋವಾಗ್ಲೇ" ಎಂದಳು. ಅಕ್ಕ ನನ್ನ ಕೈ ಹಿಡಿದುಕೊಂಡಳು, ಮತ್ತೆ ಯಾವಾಗ ಅಂತ ಕೇಳಲಿಲ್ಲ. ಕೇಳುವ ಪ್ರಶ್ನೆಯೇ ಅಲ್ಲ ಅದು ನಮ್ಮೂರಿನಲ್ಲಿ. ಇವರು ಇಳಿದಾಗಿನಿಂದಲೂ ಮುಖ ಸಣ್ಣ ಮಾಡಿಕೊಂಡು ಮೂಲೆಯಲ್ಲಿ ಕೂತಿದ್ದರು. "ನಡ್ಕೊಂಡು ಬಂದಿದ್ರೆ ತಿಂಡಿ ಹೊತ್ತಿಗೇ ಇಲ್ಲಿರ್ತಿದ್ವಿ," ಎಂದರು. "ಅರ್ಧ ದಿನ ಅಕ್ಕ-ತಂಗೀರ ಕೈಯಿಂದ ಕಿತ್ಕೊಂಡೆ. ಸುಮ್ಮನೆ ಗಿರಣಿ ಹಾಳು ಮಾಡಿದೆ."

ಭಾವ ಸೂಜಿಯಿಂದ ತಲೆ ಎತ್ತಲಿಲ್ಲ. "ನಡ್ಕೊಂಡು ಬಂದಿದ್ರೆ ಈಗ ನಡ್ಕೊಂಡು ಹೋಗ್ತಿದ್ರಿ. ಅಲ್ಲಿಗೆ ಮುಗೀತಿತ್ತು," ಎಂದರು. "ಇವಳು ತಂಗಿ ಮನೇಲಿ ನಾಕು ದಿನ ಇದ್ದು ಬರ್ಲಿ ಅಂತ ನಾನು ಯಾವ ಧೈರ್ಯದ ಮೇಲೆ ಕಳಿಸ್ಲಿ ಆಗ? ದಾರಿ ಬಿಟ್ಟೋದ್ರೆ ಬಿಟ್ಟೋಯ್ತು. ಈಗ ಇದೈತಲ್ಲ." ದಾರವನ್ನು ಹಲ್ಲಿನಿಂದ ಕಡಿದು, ರೆಕ್ಕೆಯನ್ನು ಒಮ್ಮೆ ತಟ್ಟಿದರು. "ದಾಕ್ಷಾ, ನಿನ್ನ ಚೀಲ ತಗೋ. ಲಂಗ ತೆಗೆದು ನಿನ್ನ ಸೀರೆ ಹಾಕ್ಕೋ."

ಅಕ್ಕ ನನ್ನನ್ನು ನೋಡಿದಳು. ನಾನು ಇವರನ್ನು ನೋಡಿದೆ. ಇವರ ಮುಖ ಆ ಸಂಜೆಯಲ್ಲಿ ಹೇಗೆ ಬೆಳಗಿತು ಅಂದರೆ, ಆ ಹಿಟ್ಟು ತುಂಬಿದ ಕಿವಿಗಳನ್ನು ಎಲ್ಲರೆದುರಿಗೇ ಹಿಡಿದು ಮುದ್ದು ಮಾಡಬೇಕು ಅನ್ನಿಸಿತು. ಹಾಲಮ್ಮ ಇದ್ದಳು ಅಂತ ಸುಮ್ಮನಾದೆ. ವಿಮಾನದಲ್ಲಿ ಇಬ್ಬರಿಗೇ ಜಾಗ. ನಾನು ನನ್ನ ಕುರ್ಚಿಯನ್ನು ಅಕ್ಕನಿಗೆ ಕೊಟ್ಟು, ಬೆಲ್ಟು ಬಿಗಿದು, ಸೆರಗು ಸಿಕ್ಕಿಸಿದೆ. ಅವಳು ಕಲ್ಲೇಶನಿಗೆ ಒಂದೇ ಮಾತು ಹೇಳಿದಳು, "ಹಪ್ಪಳ ತೆಗೆದ ಮೇಲೆ ಮಾಳಿಗೆ ಮೇಲೆ ಸುಣ್ಣದಲ್ಲಿ ಹಂಗೇ ಸುತ್ತು ಬರಿ. ದೊಡ್ಡದಾಗಿ ಬರಿ." ಹಾಲಮ್ಮನೂ ನಾನೂ ನಡೆದು ಬಂದೆವು. ತಲೆಯ ಮೇಲೆ ವಿಮಾನ ಹೋಯಿತು. ಅಕ್ಕ ಹೆದರಿ ಕೂತಿರುತ್ತಾಳೆ ಅಂದುಕೊಂಡಿದ್ದೆ. ಅವಳು ಬಗ್ಗಿ ಕೆಳಗೆ ನೋಡಿ, ಕಾಗೆ ಓಡಿಸುವ ಕೋಲನ್ನು ನಮ್ಮ ಕಡೆ ಬೀಸುತ್ತಿದ್ದಳು. ಕೋಲನ್ನು ಯಾವಾಗ ಎತ್ತಿಕೊಂಡಳೋ ತಿಳಿಯದು.

ಅಕ್ಕನನ್ನು ವಾಪಸು ಬಿಟ್ಟು ಬರಲು ಬೇಕಾದ ಮುಂದಿನ ನೆಟ್ಟಗಿನ ದಾರಿ ಬರುವಷ್ಟರಲ್ಲಿ ಮಾವಿನ ಕಾಲವೇ ಮುಗಿಯಿತು. ದಾರಿ ತಂದವರೊಬ್ಬರು ಭಾವನ ಮಾತು ತಂದರು, ಎಷ್ಟೋ ಬಾಯಿ ದಾಟಿದ್ದರೂ ಸವೆಯದೆ ಬಂದ ಮಾತು: "ಅವಸರ ಇಲ್ಲ." ಆ ದಿನಗಳಲ್ಲಿ ನಮ್ಮ ಸಾಲಿನ ಮಾಳಿಗೆಗಳ ಮೇಲೆಲ್ಲ ಸುಣ್ಣದ ಗುರುತುಗಳು ಹುಟ್ಟಿಕೊಂಡವು. ಹಾಲಮ್ಮ ತನ್ನ ಮಾಳಿಗೆಯ ಮೇಲೆ ಒಂದು ಚೊಂಬು ಬರೆದಳು, ಮಜ್ಜಿಗೆಯದ್ದಂತೆ.

ಆದರೆ ನನಗೆ ನೆನಪಿರುವುದು ಅವಳು ಬಂದ ಮರುದಿನದ ಬೆಳಗು. ಎದ್ದಾಗ ಅಕ್ಕ ಆಗಲೇ ಒಲೆಯ ಮುಂದೆ ಕೂತು, ನನ್ನ ಡಬ್ಬಿಗಳನ್ನೆಲ್ಲ ತೆಗೆದು ಬೇರೆ ಜಾಗಕ್ಕೆ ಇಡುತ್ತಿದ್ದಳು. ನಾನು ಹೋಗಿ ಬಾಗಿಲು ತೆಗೆದೆ, ಗಾಳಿ ಬರಲಿ ಅಂತ. ಒಳಗೆ ಬಂದು ಅವಳ ಪಕ್ಕ ಕೂತೆ. "ಇವತ್ತು ಎಲ್ಲಿಯ ದಾರಿ ಬಂದೈತೆ?" ಎಂದು ಅಕ್ಕ ಕೇಳಿದಳು. ನನಗೆ ಗೊತ್ತಿರಲಿಲ್ಲ. ನಾನು ನೋಡಿರಲಿಲ್ಲ.